ಸಿರಪ್ ಬೇಡ, ಮೂಗಿನ ಹನಿ ಸಾಕು

ರೀ, ನಾನು ಆಸ್ಪತ್ರೆಗೆ ಹೊರಟೆ. ಪುಟ್ಟಿಗೆ ತಿನ್ನಲು ಏನೂ ಕೊಡಬೇಡಿ, ಏಳು ಗಂಟೆಯ ಮೇಲೆ ನೀರೂ ಬೇಡ. ಅತ್ತು ರಂಪ ಮಾಡಿದರೆ ನೀವು ಕರಗಿಬಿಡುತ್ತೀರಿ ಎಂದೇ ಬಿಸ್ಕತ್ತಿನ ಡಬ್ಬ ಬಚ್ಚಿಟ್ಟಿದ್ದೇನೆ, ಹುಡುಕಬೇಡಿ.

ಟಾನ್ಸಿಲ್ ಆಪರೇಷನ್ ಒಂಬತ್ತಕ್ಕೆ. ಊರ ಮಕ್ಕಳಿಗೆಲ್ಲ ಅರಿವಳಿಕೆ ಕೊಡುವ ನಾನು ಸ್ವಂತ ಮಗಳಿಗೆ ಕೊಡುವಂತಿಲ್ಲ, ನಮ್ಮ ದೊಡ್ಡ ಮೇಡಂ ಕೊಡುತ್ತಾರೆ. ಅದಕ್ಕೂ ಮೊದಲು ಅವಳ ಹೆದರಿಕೆ ಇಳಿಸಲು ಏನು ಕೊಡೋಣ ಎಂದು ನಿನ್ನೆ ಮೇಡಮ್ಮೂ ನಾನೂ ತಲೆ ಕೆಡಿಸಿಕೊಂಡೆವು. ಸಿರಪ್ ಬೇಗ ಕೆಲಸ ಮಾಡುತ್ತದೆ, ಆದರೆ ಕಹಿ, ಉಗಿದುಬಿಡುತ್ತಾಳೆ. ಮೂಗಿಗೆ ಬಿಡುವ ಹನಿ ಉರಿಯುವುದಿಲ್ಲ, ಆದರೆ ಮುಕ್ಕಾಲು ಗಂಟೆ ಕಾಯಬೇಕು. ಕೊನೆಗೆ ಹನಿಯೇ ಗೆದ್ದಿತು. ಎಂಟಕ್ಕೆಲ್ಲ ಅಲ್ಲಿರಿ.

ಸಿರಪ್ ಸೋತದ್ದಕ್ಕೆ ನೀವೂ ಒಂದು ಕಾರಣ. ಹಲ್ಲು ಕೀಳಿಸಿದ ದಿನ ಅವಳಿಗೆ ಧೈರ್ಯ ಬರಲೆಂದು ಅರ್ಧ ಸಿರಪ್ ನೀವೇ ಕುಡಿದು ತೋರಿಸಿದಿರಿ. ಅವಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು, ನೀವು ಗೊರಕೆ ಹೊಡೆಯುತ್ತಿದ್ದಿರಿ. "ಮೇಡಂ, ಈ ಸಲಾನೂ ನಿಮ್ಮ ಯಜಮಾನ್ರಿಗೆ ಒಂದು ಮಂಚ ರೆಡಿ ಮಾಡ್ಲಾ?" ಎಂದು ನಮ್ಮ ನರ್ಸ್ ನಿನ್ನೆಯೂ ಕೇಳಿದಳು.

ಹನಿ ಬಿಟ್ಟ ಮೇಲೆ ನಿಮ್ಮ ಆನೆ ಕಥೆ ಶುರು ಮಾಡಿ. ಅದರ ಕೊನೆಯನ್ನು ಅವಳು ಒಂದು ದಿನವೂ ಕೇಳಿಲ್ಲ, ಅಷ್ಟರಲ್ಲೇ ನಿದ್ದೆ ಹೋಗುತ್ತಾಳೆ.

ದಿನಾ ಹತ್ತು ಮಕ್ಕಳನ್ನು ಮಲಗಿಸುವ ನಾನು ಇವತ್ತು ಈ ಚೀಟಿಯನ್ನೇ ಮೂರು ಸಲ ಹರಿದು ಬರೆದೆ. ಅವಳನ್ನು ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನಲ್ಲಿ ಉಳಿದ ಕಥೆಯನ್ನು ನನಗೆ ಹೇಳಿ. ನಾನು ಮಧ್ಯದಲ್ಲಿ ನಿದ್ದೆ ಹೋಗುವುದಿಲ್ಲ. ಇವತ್ತಾದರೂ ಅದಕ್ಕೊಂದು ಕೊನೆ ಯೋಚಿಸಿಕೊಂಡು ಬನ್ನಿ.