ಸಲಮಾಂಡರ್ ಗುಡ್ಡ ದಾಟುವುದಿಲ್ಲ

ತಮ್ಮಾ ಯೆರ್ನೆಯ್,

ನಾನು ಕೇಳದೇ ನೀನು ಜೇನುತುಪ್ಪ ತಂದುಕೊಟ್ಟ ದಿನವೇ ನನಗೆ ಅನುಮಾನ ಬಂತು. ಕೈಬೀಸಿಕೊಂಡು ಬಂದು, ಹೋಗುವಾಗ ಒಣಗಿಸಿದ ಪ್ಲಮ್ ಕಟ್ಟಿಸಿಕೊಂಡು ಹೋಗುವವನು ನೀನು! ಅವತ್ತು ಮೆಕ್ಕೆಜೋಳದ ಮುದ್ದೆ ಮುರಿಯುತ್ತಾ, "ನಮ್ಮ ಕಾಡಿನ ರಸ್ತೆಗೆ ಒಪ್ಪಿಗೆ ಸಿಕ್ಕೇ ಸಿಗುತ್ತೆ ಬಿಡಕ್ಕಾ. ಹಳ್ಳದಲ್ಲಿ ಈಗ ಒಂದು ಸಲಮಾಂಡರೂ ಇಲ್ಲ" ಅಂದೆ. ಹಲ್ಲಿಯಂಥ ಆ ಕಪ್ಪು-ಹಳದಿ ಪ್ರಾಣಿಯನ್ನು ಮುಟ್ಟಿದರೆ ಕೈ ಉರಿಯುತ್ತದೆಂದು ಅಮ್ಮ ಹೆದರಿಸಿದ್ದಕ್ಕೆ ಚಿಕ್ಕಂದಿನಿಂದಲೂ ಆ ಕಡೆ ತಲೆ ಹಾಕದವನಿಗೆ ಈ ಸುದ್ದಿ ಯಾರು ಹೇಳಿದರು?

ಸಲಮಾಂಡರ್ ಇದ್ದರೆ ರಸ್ತೆ ಮಾಡುವಂತಿಲ್ಲವೆಂದು, ಅವನ್ನು ಹುಡುಕಲು ಇದ್ರಿಯ ಪಟ್ಟಣದಿಂದ ಪರಿಸರ ಇಲಾಖೆಯವನು ಬಂದಾಗ ಜಿಟಿಜಿಟಿ ಮಳೆ. ಅವು ಹೊರಗೆ ಬಂದು ಓಡಾಡುವ ಹವೆಯೇ ಅದು. ನಮ್ಮಿಬ್ಬರ ಪಾಲಿನ ಬೀಚ್ ಮರಗಳ ಕಾಡಿನಲ್ಲಿ ಅವನು ತರಗೆಲೆ ಕೆದಕಿದ, ಕಲ್ಲು ಮಗುಚಿದ, ಪಾಚಿ ಎತ್ತಿ ನೋಡಿದ. "ಮನೆ ಚೆನ್ನಾಗಿದೆಯಮ್ಮಾ, ವಾಸ ಮಾಡೋರೇ ಇಲ್ವಲ್ಲ" ಅಂದ.

ಮುಂದಿನ ಮಳೆಗೆ ಅಣಬೆ ಹುಡುಕುವ ನೆಪದಲ್ಲಿ ಗುಡ್ಡದಾಚೆ ನಿನ್ನ ಜಮೀನಿಗೆ ಬಂದೆ. ನಿನ್ನ ಟ್ರೌಟ್ ಮೀನಿನ ತೊರೆಯ ಪಕ್ಕದಲ್ಲೇ ನಮ್ಮ ಹಳ್ಳದ ಮುದುಕಿ ಸಲಮಾಂಡರ್ ಕೂತಿದ್ದಳು. ಬೆನ್ನ ಮೇಲೆ ಕುದುರೆ ಲಾಳದಂಥ ಹಳದಿ ಮಚ್ಚೆ. ಒಂದರ ಮಚ್ಚೆ ಇನ್ನೊಂದಕ್ಕೆ ಇರುವುದಿಲ್ಲ, ಅವಳನ್ನು ನಾನು ಎಷ್ಟು ವರ್ಷದಿಂದ ಬಲ್ಲೆ! ಹುಟ್ಟಿದ ಹಳ್ಳದ ಸುತ್ತಲೇ ಬಾಳು ಸವೆಸುವ ಪ್ರಾಣಿ ಆ ಒಣ ಸುಣ್ಣಕಲ್ಲಿನ ಗುಡ್ಡ ಹತ್ತಿಳಿದು ಬಂತೇ? ನಿನ್ನ ಕೊಟ್ಟಿಗೆಯ ಹಾಲಿನ ಕ್ಯಾನಿನ ತಳದಲ್ಲಿ ನಮ್ಮ ಕಾಡಿನ ಪಾಚಿ ಇತ್ತು, ಅದರಲ್ಲೇ ನೀನು ಅವನ್ನು ಹೊತ್ತು ತಂದಿದ್ದೀಯ ಎಂದು ಗೊತ್ತಾಯಿತು.

ವಸಂತ ಬಂದರೆ ಅವಳು ನೀರಿಗೆ ಮರಿ ಬಿಡುತ್ತಾಳೆ. ನಮ್ಮ ಹಳ್ಳದಲ್ಲಿ ಮೀನಿಲ್ಲ. ನಿನ್ನ ತೊರೆಯಲ್ಲಿ ಒಂದು ಮರಿಯೂ ಉಳಿಯುವುದಿಲ್ಲ. ಗೊತ್ತಿದ್ದೇ ಮಾಡಿದೆಯೋ, ಗೊತ್ತಿಲ್ಲದೆಯೋ ಎಂಬ ಗುಮಾನಿ ನನ್ನನ್ನು ಇನ್ನೂ ಕೊರೆಯುತ್ತಿದೆ.

ಯಾರೋ ಮರದ ವ್ಯಾಪಾರಿ ನಿನ್ನ ತಲೆ ಕೆಡಿಸಿದ್ದಾನೆ ಎಂದುಕೊಂಡಿದ್ದೆ. ಆದರೆ ಹೋದ ಭಾನುವಾರ ಚರ್ಚಿನ ಮುಂದೆ, ರಸ್ತೆಯಾದರೆ ಏನು ಮಾರುತ್ತೀಯ ಎಂದು ಕೆಣಕಿದಾಗ ನೀನು ಮುಖ ತಿರುಗಿಸಿ, "ಮಾರೋದು ಆಮೇಲೆ ಅಕ್ಕಾ. ಮೊದ್ಲು ಆ ಬಿದ್ದ ಮರ ಅಲ್ಲಿಂದ ಹೋಗ್ಲಿ" ಅಂದೆ. ಹಳ್ಳದ ದಂಡೆಯಲ್ಲಿ ಅಪ್ಪನ ಮೇಲೆ ಉರುಳಿದ ಮರ. ಅದನ್ನು ಎತ್ತಲು ನಾನು ಯಾರನ್ನೂ ಬಿಟ್ಟಿಲ್ಲ. ಕೊಳೆತು ಮೆತ್ತಗಾದ ಅದರ ಬುಡದಡಿಯಲ್ಲೇ ಸಲಮಾಂಡರ್‌ಗಳು ಚಳಿಗಾಲ ಕಳೆಯುವುದು. ಅಲ್ಲಿ ಏನೋ ಉಸಿರಾಡುತ್ತಿದೆಯಲ್ಲ ಎಂಬುದೇ ನನಗೆ ಸಮಾಧಾನ. ಆ ಮರ ಕಂಡರೆ ನಿನಗೆ ಏನಾಗುತ್ತದೆಂದು ನಾನು ಒಮ್ಮೆಯೂ ಕೇಳಲಿಲ್ಲ, ನೀನೂ ಹೇಳಲಿಲ್ಲ.

ದುಡ್ಡಿನಾಸೆಗೆ ಮಾಡಿದ್ದರೆ ಇಲಾಖೆಗೆ ನಾನೇ ಹೇಳುತ್ತೇನೆ, ತಮ್ಮನೆಂದು ನೋಡುವುದಿಲ್ಲ. ಆ ಮರವನ್ನು ಕಣ್ಣಲ್ಲಿ ನೋಡಲಾಗದೆ ಮಾಡಿದ್ದರೆ, ಹಿಮ ಬೀಳುವ ಮುಂಚೆ ಅವನ್ನು ಹೊತ್ತುಕೊಂಡು ಬಾ. ಹಳ್ಳದ ತನಕ ನಾನೂ ಜೊತೆಗೆ ಬರುತ್ತೇನೆ. ಅಪ್ಪ ಸತ್ತ ಜಾಗದಲ್ಲಿ ನೀನೊಬ್ಬನೇ ನಿಲ್ಲಬೇಕಾಗಿಲ್ಲ ಕಣೋ.

ದಾರಿ ಜಾರುತ್ತದೆ, ನೋಡಿಕೊಂಡು ಬಾ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಪೊಲೋನಾ