ಬೆನ್ನ ಹಿಂದಿನ ಇಪ್ಪತ್ತು ಸೆಕೆಂಡು

ಬಸ್ ನಿಲ್ದಾಣ, ಘೋಷಣೆಯ ಕೋಣೆ
ಸೋಮವಾರ, ಬೆಳಗಿನ ಮೊದಲ ಬಸ್ಸು ಹೊರಟ ಮೇಲೆ

ನನ್ನ ಚಿನಕುರುಳಿಗೆ,

ನಿನ್ನ ಅಪ್ಪ ಗಂಟಲು ಸರಿಮಾಡಿಕೊಂಡು ಮಾಡುವ ಆಶೀರ್ವಾದಗಳು. ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಪರದೆ ಮೇಲೇಳುವುದು ಸ್ವಲ್ಪ ತಡವಾಯಿತು, ಮಹಾಜನರು ಮನ್ನಿಸಬೇಕು.

ನಿನ್ನ ಕಾಗದ ಬಂದು ಹದಿನೇಳು ದಿನವಾಯಿತು. ನಿನ್ನಮ್ಮ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ನಾನು ಕೇಳಿಸದವನ ಹಾಗೆ ಗಡ್ಡ ಕೆರೆದುಕೊಳ್ಳುತ್ತ ಕೂತಿದ್ದೆ. ಅವಳು ಪಾತ್ರೆ ತೊಳೆಯಲು ಎದ್ದಾಗ ನಾನೇ ಕದ್ದು ಮೂರನೆಯ ಸಲ ಓದಿದೆ. ಕ್ರೀಡಾಕೂಟದ ಸಮಾರೋಪದಲ್ಲಿ ಮುನ್ನೂರು ಜನ ಕುಣಿಯುತ್ತೇವೆ, ಜ್ಯೋತಿ ಆರುವ ಮೊದಲು ಎಲ್ಲರೂ ನೆಲಕ್ಕೊರಗುತ್ತಾರೆ, ಒಬ್ಬಳು ಮಾತ್ರ ಉಳಿದು ಇಪ್ಪತ್ತು ಸೆಕೆಂಡು ಕುಣಿಯುತ್ತಾಳೆ, ಆ ಒಬ್ಬಳು ನಾನು ಎಂದು ನೀನು ಬರೆದಿದ್ದೆ. ಅದರ ಕೆಳಗೆ: ಅಪ್ಪಾ, ಇದೊಂದು ಸಲ ನೋಡು. ಕಂಡದ್ದನ್ನು ಕಂಡ ಹಾಗೆ ಬರೆ, ಕೆಟ್ಟದಾಗಿದ್ದರೆ ಕೆಟ್ಟದು ಅಂತಲೇ ಬರೆ. ಈ ಸಲವೂ ನೋಡದೇ ಹೋದರೆ ಇನ್ನು ಯಾವತ್ತೂ ನಿನ್ನನ್ನು ಕೇಳುವುದಿಲ್ಲ.

ನಾಟಕದ ಕಂಪನಿಯಲ್ಲಿ ಮೂವತ್ತು ವರ್ಷ ರಾಜನಾಗಿ ಮೆರೆದವನು ನಾನು. ಎದುರಿಗೆ ಖಡ್ಗ ಹಿರಿದು ನಿಂತವರನ್ನು ಒಂದು ಹೂಂಕಾರಕ್ಕೆ ಕೆಡವಿದವನು. ನಿನ್ನ ಆ ಕೊನೆಯ ಸಾಲು ನನ್ನನ್ನು ಕುರ್ಚಿಯಲ್ಲೇ ಕೂರಿಸಿಬಿಟ್ಟಿತು.

ನಾನು ಅಂದು ಆಡಿದ ಮಾತು ನಿನಗೂ ನೆನಪಿದೆ, ಪಕ್ಕದ ಮನೆಯವರಿಗೂ ನೆನಪಿದೆ. ಈ ಗಂಟಲಿನ ಹಣೆಬರಹ ಅಷ್ಟು. ಐದನೇ ವಯಸ್ಸಿಗೆ ಒಂದೂವರೆ ಪುಟದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಮಗಳು ಮಾತೇ ಇಲ್ಲದ ಕುಣಿತ ಕಲಿಯಲು ಹೊರಟಾಗ, ಬಾಯಿ ಮುಚ್ಚಿಕೊಂಡು ಕೈಕಾಲು ಆಡಿಸುವುದು ವ್ಯಾಯಾಮ, ಕಲೆಯಲ್ಲ ಎಂದೆ. ಕಂಪನಿ ಮುಚ್ಚಿದ ವರ್ಷ ಅದು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ರಾಜರಿಗಿಲ್ಲವಲ್ಲ, ಹಾಗೇ ಉಳಿದೆ. ಈಗ ಬಸ್ಸುಗಳ ಹೊರಡುವ ಹೊತ್ತನ್ನು ಮೈಕಿನಲ್ಲಿ ಕೂಗುತ್ತೇನೆ. ಹಿಂದೆ ರಥಗಳನ್ನು ಕೂಗಿ ಕರೆಯುತ್ತಿದ್ದೆ, ಈಗ ಬಸ್ಸು. ವ್ಯತ್ಯಾಸ ಹೆಚ್ಚಿಲ್ಲ, ಎರಡೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಇನ್ನು ನಿನ್ನೆಯ ಸಂಗತಿ. ಪ್ರಸಾರ ಸಂಜೆ ಐದೂವರೆಗೆ, ನನ್ನ ಪಾಳಿ ಎಂಟರವರೆಗೆ. ಆದ್ದರಿಂದ ನಿನ್ನಮ್ಮನೇ ಮದುವೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು ನಿಲ್ದಾಣಕ್ಕೆ ಬಂದಳು. ನಮ್ಮ ಪ್ರಯಾಣಿಕರ ಕೋಣೆಯನ್ನು ನೀನು ನೋಡಿಲ್ಲ. ಎಂಟು ಬೆಂಚು, ಅದರಲ್ಲೊಂದಕ್ಕೆ ಕಾಲು ಮೂರೇ. ಗೋಡೆಯ ಮೇಲೆ ಟಿ.ವಿ., ಅದರ ಕೆಳಗೆ ಪಾರ್ಸೆಲ್ ಕೌಂಟರು, ಕೌಂಟರಿನ ಮುಂದೆ ಮೂಟೆ ತೂಗುವ ದೊಡ್ಡ ತಕ್ಕಡಿ, ನೆಲದಿಂದ ಒಂದು ಗೇಣು ಎತ್ತರ. ನಿನ್ನಮ್ಮ ಮೊದಲ ಬೆಂಚು ಹಿಡಿದಳು. ಅವಳ ಪಕ್ಕದಲ್ಲಿ ಆರೂ ಕಾಲರ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ, ಮಡಿಲಲ್ಲಿ ಚೀಲ. ಆ ಬಸ್ಸಿನ ಕಂಡಕ್ಟರನೂ ಅಲ್ಲೇ ಕಂಬಕ್ಕೊರಗಿ ನಿಂತಿದ್ದ. ಅವನನ್ನು ಎಲ್ಲರೂ ಕರೆಯುವುದೇ ರೈಟ್‌ರೈಟ್ ಎಂದು. ಕೌಂಟರಿನಲ್ಲಿ ಪಾರ್ಸೆಲ್ ಅಕ್ಕ. ಹಿಂದೆ ನಲವತ್ತು ಐವತ್ತು ಪ್ರಯಾಣಿಕರು. ನಿನ್ನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ನಿನ್ನಮ್ಮ ಪಾರ್ಸೆಲ್ ಅಕ್ಕನಿಗೆ ಗುಟ್ಟಾಗಿ ಹೇಳಿದ್ದಳು. ಅಂದರೆ ಅಜ್ಜಿಯೊಬ್ಬಳನ್ನು ಬಿಟ್ಟು ಇಡೀ ನಿಲ್ದಾಣಕ್ಕೆ ಗೊತ್ತಿತ್ತು.

ಪ್ರಸಾರ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಟಿ.ವಿ.ಯ ದನಿ ನಿಂತಿತು. ಚಿತ್ರವಿದೆ, ಸದ್ದಿಲ್ಲ. ರೈಟ್‌ರೈಟ್ ಸ್ಟೂಲು ಹತ್ತಿ ಒಂದು ವೈರು ಎಳೆದ, ಇನ್ನೊಂದನ್ನು ತಟ್ಟಿದ, ಕೈ ಝಾಡಿಸಿಕೊಂಡು ಇಳಿದ. ಹಿಂದಿನ ಬೆಂಚಿನಿಂದ ಗೊಣಗಾಟ ಎದ್ದಿತು. ಆಗ ಪಾರ್ಸೆಲ್ ಅಕ್ಕ, ಮಹಾರಾಜ್ರೇ, ನೀವಿರೋವಾಗ ನಮಗೆ ಟೀವಿ ಗಂಟಲು ಯಾಕೆ ಬೇಕು, ಬಂದು ನಡೆಸಿಕೊಡಿ ಅಂದಳು.

ಸಭೆ ಕರೆದ ಮೇಲೆ ಒಲ್ಲೆ ಎನ್ನಲು ನನ್ನಿಂದ ಆದೀತೆ? ತಕ್ಕಡಿಯ ಮೇಲೆ ಹತ್ತಿ ನಿಂತೆ. ಮುಳ್ಳು ಎಂಬತ್ತೆರಡಕ್ಕೆ ಹಾರಿತು. ಅಷ್ಟು ಭಾರಕ್ಕೆ ಎರಡು ಚೀಟಿ ಅಂಟಿಸಬೇಕಾಗುತ್ತೆ ಅಂದಳು ಅಕ್ಕ. ಕೋಣೆ ನಕ್ಕಿತು. ನಕ್ಕ ಸಭೆ ಅರ್ಧ ಗೆದ್ದ ಸಭೆ.

ಹೇಗೆ ನಿಂತೆ ಅನ್ನುವುದನ್ನು ನಿನಗೆ ಬೇರೆ ಹೇಳಬೇಕಾಗಿಲ್ಲ. ಪ್ರೇಕ್ಷಕರಿಗೆ ಬೆನ್ನು ಹಾಕಬಾರದೆಂದು ನಿನಗೆ ಕಲಿಸಿದವನೇ ನಾನು. ಮುಖ ಜನರ ಕಡೆಗೆ, ಟಿ.ವಿ. ತಲೆಯ ಹಿಂದೆ. ಹಿಂದೆ ಏನು ನಡೆಯುತ್ತಿದೆಯೆಂದು, ಕೌಂಟರಿನಿಂದ ಈಚೆ ಬಂದು ನಿಂತ ಪಾರ್ಸೆಲ್ ಅಕ್ಕ ನೋಡಿ ಪಿಸುಗುಡುವಳು, ಅದಕ್ಕೆ ನಾನು ಕಿರೀಟ ತೊಡಿಸುವೆ. ಆಟಗಾರರು ಬಂದ್ರು, ಎಲ್ಲಾ ದೇಶದವರೂ ಕಲಸಿಹೋಗಿದ್ದಾರೆ ಅಂದಳು. ಗೆದ್ದವನ ಹೆಗಲ ಮೇಲೆ ಸೋತವನ ಕೈ, ಸೋತವನ ಕೈಯಲ್ಲಿ ಗೆದ್ದವನ ಟೋಪಿ, ಇನ್ನು ಇವರಲ್ಲಿ ಯಾರು ಯಾರೆಂದು ಹೆತ್ತ ತಾಯಿಗೂ ತಿಳಿಯದು ಎಂದೆ. ಹಸಿರು ಬಟ್ಟೆಯವರು, ಕೈಯಲ್ಲಿ ಉದ್ದ ಕೋಲು ಅಂದಳು. ಕಾಡಿನ ಸೇನೆ ಹೊರಟಿತು ಎಂದು ಗುಡುಗಿದೆ. ರೈಟ್‌ರೈಟ್ ಹಲ್ಲು ಕಿರಿದು, ಮಹಾರಾಜ್ರೇ, ಅವರು ಕಾಗದದ ಚೂರು ಗುಡಿಸ್ತಾ ಇದ್ದಾರೆ ಅಂದ. ಯುದ್ಧ ಮುಗಿದ ಮೇಲೆ ರಣರಂಗ ಗುಡಿಸದ ಸೇನೆ ಎಂಥ ಸೇನೆ ಎಂದೆ. ಕೂಟದ ಅಧ್ಯಕ್ಷರು ಭಾಷಣದ ನಾಲ್ಕು ಹಾಳೆ ಹಿಡಿದು ಬಂದರಂತೆ. ಅವರ ಪರವಾಗಿ ನಾನು, ಎಲ್ಲರೂ ಚೆನ್ನಾಗಿ ಓಡಿದಿರಿ, ಇನ್ನು ಮನೆಗೆ ನಡೆಯಿರಿ ಎಂದು ಮುಗಿಸಿದೆ. ಅದಕ್ಕೆ ಬಿದ್ದಷ್ಟು ಚಪ್ಪಾಳೆ ಕಂಪನಿಯಲ್ಲೂ ಬಿದ್ದಿರಲಿಲ್ಲ. ಧ್ವಜ ಮುಂದಿನ ಕೂಟ ನಡೆಸುವವರ ಕೈಗೆ ಹೋಗುವಾಗ, ತಗೋ ತಮ್ಮಾ, ಇನ್ನು ನಾಲ್ಕು ವರ್ಷ ನಿದ್ದೆಗೆಡುವ ಸರದಿ ನಿನ್ನದು ಎಂದದ್ದಕ್ಕೆ ಅಜ್ಜಿ, ಪಾಪ, ಅವನು ಯಾರ ಮಗನೋ ಎಂದು ಮರುಗಿದಳು.

ಆರೂ ಕಾಲಾಯಿತು. ಬಸ್ಸು ಹೊರಡಲಿಲ್ಲ. ಡ್ರೈವರು ಹಾರ್ನು ಹೊಡೆದು ಹೊಡೆದು ಕೊನೆಗೆ ತಾನೂ ಇಳಿದು ಬಂದು ಬಾಗಿಲಲ್ಲಿ ನಿಂತ. ಅವನ ಹಿಂದೆಯೇ ನಮ್ಮ ನಿಲ್ದಾಣದ ಸಾಹೇಬರು, ಬೆರಳೆತ್ತಿಕೊಂಡು, ಏನ್ರೀ ಇದು, ಇದೇನು ಬಸ್ ಸ್ಟ್ಯಾಂಡಾ ನಾಟಕದ ಕೊಟ್ಟಿಗೆಯಾ ಎಂದು ಶುರುಮಾಡಿದರು. ಆ ವಾಕ್ಯ ಅವರು ಮುಗಿಸಲಿಲ್ಲ.

ಇಲ್ಲಿಂದ ಮುಂದೆ ನೀನು ಕಾಯುತ್ತಿರುವ ಭಾಗ. ನಿಧಾನವಾಗಿ ಓದು. ಮೊದಲು ಪಾರ್ಸೆಲ್ ಅಕ್ಕನ ಪಿಸುಮಾತು ನಿಂತಿತು. ನಾನು ಯಾವುದೋ ದೊಡ್ಡ ಮಾತಿನ ನಡುವೆ ಇದ್ದೆ. ನೋಡುತ್ತೇನೆ, ಒಬ್ಬರ ಕಣ್ಣೂ ನನ್ನ ಮೇಲಿಲ್ಲ. ನನ್ನ ಕಿವಿಯ ಪಕ್ಕದಿಂದ, ಹೆಗಲ ಮೇಲಿಂದ, ಅಷ್ಟೂ ಕಣ್ಣು ಹಿಂದಕ್ಕೆ ಹೋಗಿವೆ. ರೈಟ್‌ರೈಟ್ ಸೀಟಿಯನ್ನು ಬಾಯಿಗಿಟ್ಟವನು ಊದಲಿಲ್ಲ, ತೆಗೆಯಲೂ ಇಲ್ಲ. ಸಾಹೇಬರ ಬೆರಳು ಎತ್ತಿದ್ದು ಎತ್ತಿದಂತೆಯೇ. ಅಜ್ಜಿಯ ಮಡಿಲಿನ ಚೀಲ ಜಾರಿ ಬಿತ್ತು, ಅವಳಿಗೆ ಗೊತ್ತಾಗಲಿಲ್ಲ. ಅವಳ ಕೈ ತಾನಾಗಿ ಮೇಲೆದ್ದು, ಬೀಳುವ ಮಗುವನ್ನು ಹಿಡಿಯುವಂತೆ ಗಾಳಿಯಲ್ಲಿ ನಿಂತಿತ್ತು. ನಿನ್ನಮ್ಮನ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಅವಳು ಉಸಿರಾಡುತ್ತಿರಲಿಲ್ಲ. ಆಮೇಲೆ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟು ಜನರಿದ್ದ ಕೋಣೆಯಲ್ಲಿ, ಕೇಳಿಸಿತು.

ಆಗ ತಿರುಗಿದೆ. ಪರದೆಯ ಮೇಲೆ ಕತ್ತಲು. ಮರುಕ್ಷಣ ಬಾಣಬಿರುಸು.

ಮಗಳೇ, ನಾನು ನಿನ್ನನ್ನು ನೋಡಲಿಲ್ಲ. ಗದ್ದಲದಲ್ಲಿ ನಿನ್ನ ಸರದಿ ಯಾವಾಗ ಬಂತೆಂದು ತಿಳಿಯಲೇ ಇಲ್ಲ. ಮೇಲೆ ಇಷ್ಟು ವಿವರವಾಗಿ ಬರೆದದ್ದೆಲ್ಲ ನೋಡಿದವರ ಮುಖದ ವಿವರ, ನಿನ್ನ ಕುಣಿತದ್ದಲ್ಲ. ಚೆನ್ನಾಗಿತ್ತು ಎಂದು ಒಂದು ಸಾಲು ಗೀಚಿ ಅಂಚೆಗೆ ಹಾಕಬಹುದಿತ್ತು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಯೋಚಿಸುತ್ತಿದ್ದೆ. ನಿನ್ನಮ್ಮ ಬಡಿಸುತ್ತ, ನೋಡಿದ್ರಾ ಎಂದು ಕೇಳಿದಳು. ಹೂಂ ಎಂದೆ. ಯಾವ ಬಣ್ಣದ ಬಟ್ಟೆ ಹಾಕಿದ್ದಳು ಎಂದಳು. ನಾನು ಅನ್ನ ಕಲಸಿಕೊಂಡೆ. ಅವಳು ಅನ್ನವನ್ನು ಎರಡನೇ ಸಲ ಬಡಿಸಲಿಲ್ಲ.

ಕಂಡದ್ದನ್ನು ಕಂಡ ಹಾಗೆ ಬರೆ ಎಂದಿದ್ದೆ ನೀನು. ನನಗೆ ಕಂಡದ್ದು ಇಷ್ಟು: ಮೂವತ್ತು ವರ್ಷದಲ್ಲಿ ಯಾವ ಸಭೆಯೂ ನನ್ನ ಎದುರಿಗೆ ಹಾಗೆ ಮೌನವಾಗಿ ಕೂತದ್ದಿಲ್ಲ. ಬಸ್ಸು ಹತ್ತುವಾಗ ಅಜ್ಜಿ, ಅಷ್ಟು ದೊಡ್ಡ ಬಯಲಲ್ಲಿ ಆ ಹುಡುಗಿ ಒಬ್ಬಳೇ ನಿಂತಳಲ್ಲ, ಅವಳಿಗೆ ಯಾರೂ ಇಲ್ವಾ ಎಂದು ರೈಟ್‌ರೈಟ್‌ನನ್ನು ಕೇಳಿದಳಂತೆ. ಅವನು ನನ್ನನ್ನು ತೋರಿಸಿದನಂತೆ. ಅವಳು ಕಿಟಕಿಯಿಂದ ನನ್ನನ್ನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

ನೀನು ಇನ್ನು ಕೇಳಬೇಡ. ನಾನೇ ಕೇಳುತ್ತೇನೆ: ಮುಂದಿನ ಸಲ ಎಲ್ಲಿ ಕುಣಿಯುತ್ತೀಯ, ಎಷ್ಟು ಗಂಟೆಗೆ? ಬಸ್ಸಿನ ವೇಳಾಪಟ್ಟಿ ನನಗೆ ಬಾಯಿಪಾಠ. ಹೊತ್ತಿಗೆ ಮೊದಲೇ ಬಂದು ನಿನ್ನ ಕಡೆಗೆ ಮುಖಮಾಡಿ ಕೂರುತ್ತೇನೆ.

ಇಂತಿ, ಬಾಯಿ ಜೋರಿನ
ನಿನ್ನ ಅಪ್ಪ

ಮತ್ತೆ: ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು ಅಂಚೆ ಡಬ್ಬಿಯವರೆಗೆ ಹೋಗಿ ಹಿಂದೆ ಬಂದೆ. ಒಂದು ಸುಳ್ಳು ಉಳಿದುಹೋಗಿತ್ತು. ನಿನ್ನ ಸರದಿ ಬಂದದ್ದು ನನಗೆ ತಿಳಿದಿತ್ತು. ನಿನ್ನಮ್ಮ ಮೊದಲ ಬೆಂಚಿನಿಂದ, ರೀ, ಬಂದಳು, ತಿರುಗಿ ಅಂದಳು. ಕೇಳಿಸಿತು. ಕೇಳಿಸಿದ್ದಕ್ಕೇ ದನಿ ಇನ್ನೂ ಏರಿಸಿದೆ. ನೀನು ಕೆಟ್ಟದಾಗಿ ಕುಣಿದರೆ ಸಮಾಧಾನ ಹೇಳುವುದು ನನಗೆ ಬರುತ್ತದೆ. ಚೆನ್ನಾಗಿ ಕುಣಿದುಬಿಟ್ಟರೆ ಈ ಆರು ವರ್ಷವನ್ನು ಎಲ್ಲಿಡಲಿ ಎಂದು ಹೆದರಿದೆ.

ಇವತ್ತು ಮಧ್ಯಾಹ್ನ ಎರಡಕ್ಕೆ ಅದೇ ಕೋಣೆಯಲ್ಲಿ ಮರುಪ್ರಸಾರ ನೋಡಿದೆ. ಬಿಳಿ ಬಟ್ಟೆ. ಎರಡನೇ ತಿರುವಿನಲ್ಲಿ ಎಡ ಹಿಮ್ಮಡಿ ಕೂದಲೆಳೆಯಷ್ಟು ಅವಸರದಲ್ಲಿ ಇಳಿಯಿತು, ತಿದ್ದಿಕೋ. ಎರಡೂ ಹತ್ತರ ಬಸ್ಸು ಇವತ್ತು ಯಾರೂ ಕೂಗದೆ ಹೊರಟುಹೋಯಿತು.