ಕೈ ಎಟುಕುವಷ್ಟು ಎತ್ತರ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ನೆಗಡಿ ಇಳಿಯಿತೇ? ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಷ್ಟೆ? ಅಮ್ಮ ಚೆನ್ನಾಗಿದ್ದಾಳೆ, ನೀನು ಎರಡೇ ಮಾತಿಗೆ ಫೋನ್ ಇಡುತ್ತೀಯೆಂದು ಗೊಣಗುತ್ತಾಳೆ. ಫೋನಿನಲ್ಲಿ ನನಗಂತೂ ಮಾತೇ ಹೊರಡುವುದಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಆಸ್ಪತ್ರೆಗೆ ಹೊಸ ಲಾಂಡ್ರಿ ಕಟ್ಟುತ್ತಾರೆ. ಕಟ್ಟುವ ಮೊದಲೇ ಬಟ್ಟೆ ಒಗೆಯುವ ನಮ್ಮನ್ನು ಅದರೊಳಗೆ ಓಡಾಡಿಸಬೇಕಂತೆ! ಬುಧವಾರ ವಿನ್ಯಾಸ ಮಾಡುವ ಹುಡುಗಿಯೊಬ್ಬಳು ವರ್ಚುವಲ್ ರಿಯಾಲಿಟಿ ಕನ್ನಡಕ ತಂದಳು. ಕನ್ನಡಕವೆಂದರೆ ಮುಖಕ್ಕೆ ಡಬ್ಬ ಕಟ್ಟಿದ ಹಾಗೆ. ಹಾಕಿಕೊಂಡರೆ ಖಾಲಿ ಕೋಣೆಯೇ ಲಾಂಡ್ರಿ: ಸಾಲು ಯಂತ್ರಗಳು, ಇಸ್ತ್ರಿ ಮೇಜು, ಗೋಡೆ ತುಂಬ ಕಪಾಟು. ನಮ್ಮ ಲಾಂಡ್ರಿಯ ಮೇಸ್ತ್ರಿ ಇಲ್ಲದ ಮೇಜಿಗೆ ಒರಗಲು ಹೋಗಿ ದೊಪ್ಪನೆ ಬಿದ್ದ. ಅವನೂ ನಕ್ಕ, ನಾವೂ ನಕ್ಕೆವು.

ನನ್ನ ಸರದಿ ಬಂತು. "ದಿನಾ ಮಾಡೋ ಹಾಗೇ ಮಾಡಿ. ಆ ಹೊದಿಕೆ ತಗೊಂಡು ಮೇಲಿನ ಹಲಗೇಲಿ ಇಡಿ" ಎಂದಳು ಆ ಹುಡುಗಿ. ದಿನಾ ನಾನು ಯಾರೂ ನೋಡದ ಹೊತ್ತಿನಲ್ಲಿ ಸ್ಟೂಲು ಹತ್ತಿ, ಎಡಗೈಯಲ್ಲಿ ಇಡುತ್ತೇನೆ. ಕನ್ನಡಕದೊಳಗೆ ಯಾರೂ ಕಾಣುವುದಿಲ್ಲವಲ್ಲ, ಎಲ್ಲರೂ ನೋಡುತ್ತಿದ್ದಾರೆಂಬುದೇ ಮರೆತುಹೋಯಿತು. ಅಲ್ಲಿ ಸ್ಟೂಲಿಲ್ಲ, ಹೊದಿಕೆ ಹಿಡಿಯುವ ಗುಂಡಿ ಕೊಟ್ಟಿದ್ದೂ ಬಲಗೈಗೇ; ಬಲಗೈ ಎತ್ತಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಿಂದ ಅದನ್ನು ಮೇಲಕ್ಕೆ ತಳ್ಳಿ, "ಅಯ್ಯೋ" ಎಂದುಬಿಟ್ಟೆ. ಎರಡು ವರ್ಷದಿಂದ ಬಚ್ಚಿಟ್ಟದ್ದು ಮ್ಯಾನೇಜರ ಮುಂದೆಯೇ ಬಯಲಾಯಿತು. ಕೆಲಸ ಹೋಯಿತೆಂದೇ ಅಂದುಕೊಂಡೆ. ಕನ್ನಡಕ ತೆಗೆಯಲು ಧೈರ್ಯ ಬರಲಿಲ್ಲ.

ಆ ಹುಡುಗಿ ಹತ್ತಿರ ಬಂದು, "ಕೈ ಸಲೀಸಾಗಿ ಎಲ್ಲೀವರೆಗೆ ಬರುತ್ತೋ ಅಲ್ಲೇ ನಿಲ್ಸಿ. ನೋವು ಮಾಡ್ಕೋಬೇಡಿ" ಎಂದಳು. ನಿಲ್ಲಿಸಿದೆ. ಅವಳು ಅದೇನು ಒತ್ತಿದಳೋ, ಕಣ್ಣೆದುರೇ ಕಪಾಟು ಸರ್ರನೆ ಕೆಳಗಿಳಿದು ನನ್ನ ಅಂಗೈ ಪಕ್ಕಕ್ಕೆ ಬಂದು ನಿಂತಿತು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ನನ್ನ ಕೈಯನ್ನು ಯಾರೂ ಹೀಗೆ ವಿಚಾರಿಸಿಕೊಂಡಿರಲಿಲ್ಲ ಮಗಳೇ. ಡಬ್ಬದೊಳಗೇ ಕಣ್ಣು ತುಂಬಿ, ಯಂತ್ರಗಳೆಲ್ಲ ಮಂಜಾದವು.

ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಮೇಸ್ತ್ರಿಗೆ ಮಂಡಿನೋವಂತೆ. ಹರಿದ ಬಟ್ಟೆ ಹೊಲಿಯುವ ಅಕ್ಕ, "ಸೂಜಿ ಕಣ್ಣೇ ಕಾಣ್ಸಲ್ಲಮ್ಮ, ನನ್ನನ್ನ ಕಿಟಕಿ ಹತ್ರ ಕೂರ್ಸು" ಎಂದಳು. ಮ್ಯಾನೇಜರು ನನ್ನನ್ನು ಕರೆದು, "ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ? ನಾಳೆನೇ ಡಾಕ್ಟ್ರಿಗೆ ತೋರ್ಸಿ. ಕೆಲ್ಸ ಎಲ್ಲೂ ಓಡಿಹೋಗಲ್ಲ" ಎಂದು ಗದರಿದರು. ತೋರಿಸಿದೆ, ವ್ಯಾಯಾಮ ಮಾಡಿದರೆ ಅರ್ಧಕ್ಕರ್ಧ ಸರಿಹೋಗುತ್ತದಂತೆ. ಅಮ್ಮನಿಗೂ ಆಗಲೇ ಗೊತ್ತಾದದ್ದು. ಒಂದು ದಿನ ಮಾತು ಬಿಟ್ಟಳು. ಈಗ ಬಿಸಿನೀರಿನ ಚೀಲ ಒತ್ತುತ್ತಾ ಬೈಯುತ್ತಾಳೆ.

ಚೆನ್ನಾಗಿ ಓದು, ನಿದ್ದೆಗೆಡಬೇಡ. ಸದಾ ನಗುನಗುತ್ತಾ ಇರು ಕಂದಾ.

ನಿನ್ನ ಅಪ್ಪ

ಮರೆತಿದ್ದೆ: ಹೋದ ಸಲ ರೈಲಿನಲ್ಲಿ ನಿನ್ನ ಪೆಟ್ಟಿಗೆಯನ್ನು ಮೇಲಿಡದೆ ನಾನು ಬಾಗಿಲಲ್ಲೇ ನಿಂತಿದ್ದೆ, ಯಾರೋ ಎತ್ತಿಟ್ಟರು. ನೀನು ದೂರ ಹೋಗಿ ಓದುವುದು ಅಪ್ಪನಿಗೆ ಇಷ್ಟವಿಲ್ಲ, ಅದಕ್ಕೇ ಸಿಟ್ಟು ಎಂದುಕೊಂಡು ದಾರಿಯುದ್ದಕ್ಕೂ ಅಳುತ್ತಾ ಹೋದೆಯಂತೆ. ಅಮ್ಮ ನಿನ್ನೆ ಹೇಳಿದಳು. ಸಿಟ್ಟಲ್ಲ ಪುಟ್ಟೀ, ಕೈ ಏಳಲಿಲ್ಲ.